ಹಗಲು ಮಾತ್ರ ಇದ್ದ ಬೇರು

ಮೂವತ್ತೆರಡು ವರ್ಷ ನಾನು ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಮುಂದೆ ಕೂತು ಕೆಲಸ ಮಾಡಿದೆ. ಅಷ್ಟು ವರ್ಷಗಳಲ್ಲಿ ಆ ಮೇಜು, ಕುರ್ಚಿ, ಗೋಡೆ, ಇಡೀ ಚೆನ್ನೈ ಪಟ್ಟಣ ಎಲ್ಲವೂ ಸೇರಿ ಉತ್ತರದ ಕಡೆಗೆ ಸುಮಾರು ಐದಡಿ ಸರಿದವು. ನಾವು ನಿಂತಿರುವ ಭೂಫಲಕ ವರ್ಷಕ್ಕೆ ಎರಡು ಅಂಗುಲದಷ್ಟು ಸಾಗುತ್ತದೆ, ಲೆಕ್ಕ ಅಷ್ಟೇ. ಬಡ್ತಿಗಳ ವಿಷಯ ಕೇಳಿದವರಿಗೆ ನಾನು ಈ ಐದಡಿಯನ್ನೇ ಹೇಳುತ್ತೇನೆ.

ಭೂಕಂಪನ ವೀಕ್ಷಣಾಲಯದ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಈಗಲೂ ಕೆಲವರು ಪುರಸೈವಾಕ್ಕಂನ ನಮ್ಮ ಮನೆಗೆ ಬಂದು, ಕಂಪ್ಯೂಟರ್ ಇಲ್ಲದ ಕಾಲದಲ್ಲಿ ದಿನವಿಡೀ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಕಾಫಿ ಕೊಟ್ಟು ನಾಲ್ಕು ಮಾತು ಹೇಳಿ ಕಳಿಸುತ್ತಿದ್ದೆ. ಅಷ್ಟು ಸಾಲದೆಂದು ಈಗ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ನಾನು ಮಾಡಿದ ಬಹುದೊಡ್ಡ ತಪ್ಪೂ ಇದರಲ್ಲಿದೆ.

ಮೊದಲು ದಿನಚರಿ. ಬೆಳಿಗ್ಗೆ ಎಂಟೂಕಾಲಕ್ಕೆ ಕಚೇರಿ. ವೀಕ್ಷಣಾಲಯ ಇದ್ದದ್ದು ಊರಿನ ದಕ್ಷಿಣಕ್ಕೆ, ಒಂದು ಬಂಡೆಗುಡ್ಡದ ಮಗ್ಗುಲಲ್ಲಿ. ಚಪ್ಪಲಿ ಹೊರಗೆ ಬಿಟ್ಟು ನೆಲಮಾಳಿಗೆಗೆ ಇಳಿಯಬೇಕು. ಅಲ್ಲಿ ಮೂಲಬಂಡೆಗೇ ಕೂರಿಸಿದ ಕಂಬದ ಮೇಲೆ ಕಂಪನಮಾಪಕ. ಮೇಲಿನ ಕೋಣೆಯಲ್ಲಿ ಅದರ ಬರಹ: ಹದಿನೈದು ನಿಮಿಷಕ್ಕೆ ಒಂದು ಸುತ್ತು ತಿರುಗುವ ಡ್ರಮ್ಮು, ಅದಕ್ಕೆ ಸುತ್ತಿದ ಬಿಳಿ ಕಾಗದ, ಕಾಗದದ ಮೇಲೆ ಎಡೆಬಿಡದೆ ಗೆರೆ ಎಳೆಯುವ ಸೂಜಿ. ನಿಮಿಷಕ್ಕೊಮ್ಮೆ ಗಡಿಯಾರ ಆ ಗೆರೆಯಲ್ಲಿ ಒಂದು ಸಣ್ಣ ಗುರುತು ಹಾಕುತ್ತದೆ. ಎಂಟೂವರೆಗೆ ಸರಿಯಾಗಿ ಹಳೆಯ ಕಾಗದ ಬಿಚ್ಚಿ ಹೊಸದು ಸುತ್ತಬೇಕು, ರೇಡಿಯೊದಲ್ಲಿ ಬರುವ ಸಮಯ ಸಂಕೇತಕ್ಕೆ ಗಡಿಯಾರ ತಾಳೆ ನೋಡಬೇಕು. ಆಮೇಲೆ ಮೇಜಿನ ಮೇಲೆ ಹಿಂದಿನ ದಿನದ ಹಾಳೆ ಹಾಸಿ, ಭೂತಗನ್ನಡಿ ಹಿಡಿದು, ಯಾವ ಅಲೆ ಯಾವ ಗಂಟೆ, ನಿಮಿಷ, ಸೆಕೆಂಡಿಗೆ ಬಂತೆಂದು ಓದಬೇಕು. ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ.

ಕೇಳಿದರೆ ಗುಮಾಸ್ತೆಯ ಕೆಲಸ ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸಲಿಲ್ಲ. ಪೆಸಿಫಿಕ್ ಸಾಗರದ ಯಾವುದೋ ದ್ವೀಪದ ಕೆಳಗೆ ಒಂದು ಫಲಕ ಇನ್ನೊಂದರ ಅಡಿಗೆ ಜಾರುತ್ತದೆ. ಅಲ್ಲಿ ಹುಟ್ಟಿದ ಅಲೆ ನೆಲದೊಳಕ್ಕೆ ಇಳಿದು, ಬಿಸಿಯಾದ ಗಟ್ಟಿ ಬಂಡೆಯ ಮ್ಯಾಂಟಲ್‌ನಲ್ಲಿ ಸಾವಿರಾರು ಕಿಲೋಮೀಟರ್ ಬಾಗಿ ಬಂದು, ಹನ್ನೆರಡು ಹದಿಮೂರು ನಿಮಿಷಕ್ಕೆ ನಮ್ಮ ಕಂಬದ ಬುಡಕ್ಕೆ ತಟ್ಟುತ್ತದೆ. ಇನ್ನೂ ದೂರದ್ದಾದರೆ ಭೂಮಿಯ ತಿರುಳನ್ನೇ ಹಾದು ಬರುತ್ತದೆ. ಅಕ್ಕಪಕ್ಕಕ್ಕೆ ಅಲುಗುತ್ತ ಸಾಗುವ ಎರಡನೇ ಜಾತಿಯ ಅಲೆ ಮಾತ್ರ ತಿರುಳನ್ನು ದಾಟಲಾರದು, ಏಕೆಂದರೆ ಹೊರತಿರುಳು ದ್ರವ. ಯಾರೂ ಹೋಗಿ ನೋಡಿಲ್ಲ. ಬಾರದೇ ಹೋದ ಅಲೆಯಿಂದಲೇ ಅಷ್ಟು ಗೊತ್ತಾಗಿದೆ. ಕಿಟಕಿಯಾಚೆ ಕಡಲೆಕಾಯಿ ಮಾರುವವನ ಕೂಗು ಕೇಳುತ್ತಿರುವಾಗ ಸೂಜಿ ಒಮ್ಮೆ ಮೆಲ್ಲನೆ ನಡುಗುತ್ತಿತ್ತು. ಇಷ್ಟು ಹೊತ್ತೂ ಇದು ನಮ್ಮ ಪಾದಗಳ ಕೆಳಗೆ ಮೇಲೇರಿ ಬರುತ್ತಿತ್ತಲ್ಲ ಎಂದುಕೊಂಡು ನಾನು ಪೆನ್ಸಿಲ್ ಕೆಳಗಿಟ್ಟುಬಿಡುತ್ತಿದ್ದೆ.

ಹಾಳೆಯಲ್ಲಿ ದೂರದ್ದು ಮಾತ್ರ ಇರುವುದಿಲ್ಲ. ಗೂಡ್ಸ್ ಗಾಡಿ ಹೋದದ್ದು ಗೊತ್ತಾಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಇದ್ದರೆ, ಊರಲ್ಲಿ ಬಿಸಿಲು ಕಾಯುತ್ತಿರುವಾಗಲೇ ಗೆರೆ ಒಂದೇ ಸಮ ತೂಗಾಡುತ್ತಿರುತ್ತದೆ. ಸಮುದ್ರದ ಅಲೆಗಳು ನೆಲವನ್ನು ಅಲುಗಿಸುವುದು ಅದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಶುಕ್ರವಾರ ಶುಕ್ರವಾರ ಹನ್ನೊಂದು ಗಂಟೆಗೆ ಸಣ್ಣ ಸಣ್ಣ ಕಂಪನಗಳ ಸಾಲು ಕಂಡು, ಹತ್ತಿರದಲ್ಲೇ ಬಿರುಕೊಂದು ಎಚ್ಚೆತ್ತಿದೆ ಎಂದು ವರದಿ ಬರೆದೆ. ನಮ್ಮ ಅಟೆಂಡರ್ ಕಣ್ಣಪ್ಪನ್ ವರದಿಯ ತಾರೀಕುಗಳನ್ನು ನೋಡಿ ಮೆಲ್ಲಗೆ ಹೇಳಿದ, ‘ಅಮ್ಮಾ, ಅದು ನನ್ನ ಹೆಂಡತಿ. ಶುಕ್ರವಾರ ಖಾರದಪುಡಿ ಕುಟ್ತಾಳೆ.’ ಅವರ ಮನೆ ನೆಲಮಾಳಿಗೆಯ ಹಿಂಗೋಡೆಗೆ ಅಂಟಿಕೊಂಡಿತ್ತು. ಆಮೇಲೆ ಒರಳನ್ನು ಬೀದಿಯ ಕಡೆಗೆ ಹಾಕಿಸಿದೆವು.

ನನಗೆ ಓದಲು ಕಲಿಸಿದವರು ಆಗಿನ ಅಧಿಕಾರಿ ರಂಗಾಚಾರಿಯವರು. ಅವರ ಕ್ರಮ ಬಹಳ ನಿಧಾನ. ಎರಡು ಮುಳ್ಳಿನ ಡಿವೈಡರ್ ಹಿಡಿದು ಮೊದಲು ಆ ನಿಮಿಷ ಕಾಗದದ ಮೇಲೆ ಎಷ್ಟು ಉದ್ದ ಇದೆ ಎಂದು ಅಳೆಯಬೇಕು. ಆಮೇಲೆ ಎಡಗಡೆಯ ಗುರುತಿನಿಂದ ಅಲೆಯವರೆಗಿನ ದೂರ ಅಳೆಯಬೇಕು. ಆಮೇಲೆ ಭಾಗಾಕಾರ. ಪ್ರತಿ ಅಲೆಗೂ ಹೀಗೆಯೇ. ಡ್ರಮ್ಮು ಸರಿಯಾಗಿ ತಿರುಗಿದರೆ ನಿಮಿಷ ಅರುವತ್ತು ಮಿಲಿಮೀಟರ್ ಇರುತ್ತದೆ, ಇದ್ದೇ ಇರುತ್ತಿತ್ತು. ನಾಲ್ಕು ವರ್ಷ ಅಳೆದು ಬೇಸತ್ತ ನಾನು ಅಂಬತ್ತೂರಿನ ಒಂದು ವರ್ಕ್‌ಶಾಪಿನಲ್ಲಿ ಹಿತ್ತಾಳೆಯ ಅಳತೆಪಟ್ಟಿ ಮಾಡಿಸಿದೆ. ಅರುವತ್ತು ಗೆರೆ, ಒಂದೊಂದು ಗೆರೆಗೆ ಒಂದು ಸೆಕೆಂಡು. ಪಟ್ಟಿಯ ತುದಿಯನ್ನು ಎಡ ಗುರುತಿಗೆ ಇಟ್ಟರೆ ಸಾಕು, ಅಲೆ ಕೂತಲ್ಲಿ ಸೆಕೆಂಡು ಓದಬಹುದು. ಒಂದೂವರೆ ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ರಂಗಾಚಾರಿಯವರು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ‘ಡ್ರಮ್ಮು ನಿನ್ನ ಮಾತು ಕೇಳೋವರೆಗೂ ಇದು ಸರಿ ಅಮ್ಮಾ’ ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ತೊಂಬತ್ತರ ದಶಕದ ಕೊನೆಗೆ ಬರುತ್ತೇನೆ. ರಂಗಾಚಾರಿಯವರು ನಿವೃತ್ತರಾಗಿ ವರ್ಷಗಳಾಗಿದ್ದವು, ವರದರಾಜನ್ ಎಂಬವರು ಅಧಿಕಾರಿಯಾಗಿದ್ದರು. ಆ ವರ್ಷ ನಮಗೆ ಹೊಸ ಕಂಪನಮಾಪಕ ಬಂತು. ಅದೇ ವರ್ಷ ಡ್ರಮ್ಮಿನ ಮೋಟಾರಿಗೆ ಸಮನಾದ ವಿದ್ಯುತ್ತು ಒದಗಿಸುವ ಪೆಟ್ಟಿಗೆ ಸುಟ್ಟುಹೋಯಿತು. ಬೇರೆಯದು ಬರುವವರೆಗೆ ಮೋಟಾರನ್ನು ನೇರವಾಗಿ ಊರಿನ ಕರೆಂಟಿಗೆ ಜೋಡಿಸಿದೆವು. ಕಡತದಲ್ಲಿ ‘ತಾತ್ಕಾಲಿಕ ವ್ಯವಸ್ಥೆ’ ಎಂದು ಬರೆದು ನಾನೂ ವರದರಾಜನ್ನರೂ ಸಹಿ ಹಾಕಿದೆವು. ಆ ತಾತ್ಕಾಲಿಕ ಮೂರು ವರ್ಷ ನಡೆಯಿತು.

ಇಲ್ಲಿ ಒಂದು ಮಾತು ತಿಳಿದಿರಬೇಕು. ಅಂಥ ಮೋಟಾರು ಕರೆಂಟಿನ ತಾಳಕ್ಕೆ ತಕ್ಕಂತೆ ತಿರುಗುತ್ತದೆ. ಸೆಕೆಂಡಿಗೆ ಐವತ್ತು ಸಲ ಮಿಡಿಯಬೇಕಾದ ಕರೆಂಟು ಆ ದಿನಗಳಲ್ಲಿ ಬೆಳಗಾದ ಮೇಲೆ ನಲವತ್ತೆಂಟೂವರೆಯ ಆಸುಪಾಸಿಗೆ ಕುಸಿಯುತ್ತಿತ್ತು, ಏಕೆಂದರೆ ಕೇಳುವ ಊರು ದೊಡ್ಡದು, ಇದ್ದ ವಿದ್ಯುತ್ತು ಕಡಿಮೆ. ಡ್ರಮ್ಮು ನಿಧಾನವಾಗುತ್ತಿತ್ತು. ಹಾಳೆಯ ಮೇಲೆ ಒಂದರ ಕೆಳಗೊಂದು ನೆಟ್ಟಗೆ ನಿಲ್ಲಬೇಕಾದ ನಿಮಿಷದ ಗುರುತುಗಳು ಎಡಕ್ಕೆ ವಾಲುತ್ತಿದ್ದವು. ಎಲ್ಲರೂ ಮಲಗಿದ ಮೇಲೆ ಮತ್ತೆ ನೆಟ್ಟಗಾಗುತ್ತಿದ್ದವು. ನಾನು ಅದನ್ನು ನೋಡದೆ ಇರಲಿಲ್ಲ. ದಿನವೂ ನೋಡುತ್ತಿದ್ದೆ. ನಿಮಿಷದ ಗುರುತು ಹಾಕುವುದು ಬೇರೆಯೇ ಗಡಿಯಾರ, ಅದು ಬ್ಯಾಟರಿಯದು, ಅದು ಸರಿಯಿದೆ, ಆದ್ದರಿಂದ ಭಯವಿಲ್ಲ ಎಂದುಕೊಂಡು ಪಟ್ಟಿ ಇಟ್ಟು ಓದುತ್ತಿದ್ದೆ. ಪಟ್ಟಿಯ ಇನ್ನೊಂದು ತುದಿ ಮುಂದಿನ ಗುರುತನ್ನು ದಾಟಿ ಹೋಗಿದೆ ಎಂಬುದನ್ನು ಕಣ್ಣು ನೋಡಲೇ ಇಲ್ಲ. ಅದು ಎಡ ತುದಿಯಿಂದ ಅಲೆಯವರೆಗೆ ಹೋಗಿ ಅಲ್ಲೇ ನಿಲ್ಲುವುದನ್ನು ಇಪ್ಪತ್ತು ವರ್ಷಗಳಿಂದ ಕಲಿತಿತ್ತು.

ಆ ಮೂರು ವರ್ಷ ಮುಗಿಯುತ್ತ ಬಂದಾಗ ಹೇಮಾ ಬಂದಳು. ಹೇಮಲತಾ, ಆಗಲೇ ಮೂರು ವರ್ಷದಿಂದ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಅವಳ ತಂದೆ ಪೆರಂಬೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದರು, ಮೂಲ ದಾವಣಗೆರೆ ಕಡೆಯವರು. ಅವಳು ಹುಟ್ಟಿದ್ದು ಓದಿದ್ದು ಎಲ್ಲ ಇಲ್ಲೇ. ನಾನು ಕನ್ನಡದವಳೆಂದು ತಿಳಿದ ದಿನದಿಂದ ನನ್ನ ಜೊತೆ ಕನ್ನಡದಲ್ಲೇ ಮಾತಾಡಬೇಕೆಂದು ಹಟ ಹಿಡಿದಳು, ನಡುನಡುವೆ ತಮಿಳು ತಾನಾಗಿ ಬರುತ್ತಿತ್ತು. ನಮ್ಮ ಕೇಂದ್ರದ ಓದುಗಳನ್ನು ತೆಗೆದುಕೊಂಡು, ಅಲೆ ಲೆಕ್ಕದ ಪ್ರಕಾರ ಬರಬೇಕಾದ ಸಮಯಕ್ಕೂ ನಿಜವಾಗಿ ಬಂದ ಸಮಯಕ್ಕೂ ಇರುವ ವ್ಯತ್ಯಾಸ ನೋಡುವುದು ಅವಳ ವಿಷಯ. ಒಂದೇ ಉಪಕರಣದ್ದಾಗಲಿ ಎಂದು ಹೊಸ ಕಂಪನಮಾಪಕ ಬಂದ ಮೇಲಿನ ಮೂರು ವರ್ಷದವನ್ನಷ್ಟೇ ಆರಿಸಿಕೊಂಡಳು.

ಒಂದು ಮಧ್ಯಾಹ್ನ ಓಡಿಕೊಂಡೇ ಬಂದಳು.

‘ಮೇಡಂ, ಅದು ಬಂದು... ಅಲೆ ಎಲ್ಲಾ ನಮ್ಮ ಸ್ಟೇಷನ್‌ಗೆ ಸೀಕ್ರಂ ಬರ್ತಿದೆ!’

‘ಸೀಕ್ರಂ ಅಂದ್ರೆ ಎಷ್ಟಮ್ಮ?’

‘ಸರಾಸರಿ ಮುಕ್ಕಾಲು ಸೆಕೆಂಡ್ ಬೇಗ. ಜಪಾನ್ ಕಡೆಯಿಂದ ಬಂದ್ರೂ ಬೇಗ, ಇರಾನ್ ಕಡೆಯಿಂದ ಬಂದ್ರೂ ಬೇಗ. ಎಲ್ಲಾ ದಿಕ್ಕಿಂದಾನೂ ಬೇಗ ಬಂದ್ರೆ ಏನರ್ಥ ಹೇಳಿ?’

ಅರ್ಥ ನನಗೆ ಗೊತ್ತಿತ್ತು. ಎಲ್ಲ ದಿಕ್ಕಿನಿಂದಲೂ ಬೇಗ ಬಂದರೆ ಕಾರಣ ದಾರಿಯಲ್ಲಿಲ್ಲ, ನಮ್ಮ ಕೆಳಗೇ ಇದೆ. ತಣ್ಣಗಿನ ಗಟ್ಟಿ ಬಂಡೆಯಲ್ಲಿ ಅಲೆ ವೇಗವಾಗಿ ಸಾಗುತ್ತದೆ. ಹಳೆಯ ಖಂಡಗಳ ಅಡಿಯಲ್ಲಿ ಅಂಥ ತಣ್ಣಗಿನ ಭಾಗ ಇನ್ನೂರು ಮುನ್ನೂರು ಕಿಲೋಮೀಟರ್ ಆಳಕ್ಕೆ ಇಳಿದಿರುತ್ತದೆ. ಅದನ್ನು ಖಂಡದ ಬೇರು ಎನ್ನುತ್ತಾರೆ. ನಮ್ಮ ನೆಲ ಮಾತ್ರ ಹಾಗಿಲ್ಲ, ಆಫ್ರಿಕಾ ಅಂಟಾರ್ಕ್ಟಿಕಾಗಳಿಂದ ಬಿಡಿಸಿಕೊಂಡು ಉತ್ತರಕ್ಕೆ ಓಡುವಾಗ ಅಡಿಯ ಬಿಸಿಗೆ ಅದರ ಬೇರು ಕರಗಿಹೋಗಿರಬೇಕು ಎಂದು ಕೆಲವರು ಊಹಿಸುತ್ತಿದ್ದರು. ಈಗ ಹೇಮಾಳ ಲೆಕ್ಕ ಹೇಳುತ್ತಿತ್ತು: ಇಲ್ಲ, ಚೆನ್ನೈ ಕೆಳಗೆ ಬೇರು ಉಳಿದಿದೆ.

‘ಅಪ್ಪನ ಹತ್ರ ಹೇಳಿದೆ ಮೇಡಂ, ನಮ್ಮ ಕಾಲ ಕೆಳಗೆ ಇನ್ನೂರು ಕಿಲೋಮೀಟರ್ ಬೇರಿದೆ ಅಂತ. ಅಪ್ಪ ಏನಂದ್ರು ಗೊತ್ತಾ? ಮೆಡ್ರಾಸಲ್ಲಿ ಮನುಷ್ಯರಿಗೇ ನೀರಿಲ್ಲ, ಅದಕ್ಕೆ ಯಾರೇ ಹಾಕ್ತಾರೆ ಅಂತ!’

ಅವತ್ತು ಬಸ್ಸಿನಲ್ಲಿ ನಿಂತು ಮನೆಗೆ ಬರುವಾಗ ನನಗೆ ಬೇರೆ ಏನೂ ಕಾಣಲಿಲ್ಲ. ಸೀರೆಯಂಗಡಿಗಳ ದೀಪ, ಪಾತ್ರೆಯಂಗಡಿಗಳ ಮುಂದಿನ ನೂಕುನುಗ್ಗಲು, ಇವೆಲ್ಲದರ ಕೆಳಗೆ ಕತ್ತಲಲ್ಲಿ ಇಳಿದ ಆ ಬೇರು, ಕೋಟಿಗಟ್ಟಲೆ ವರ್ಷ ಸಮುದ್ರಗಳನ್ನು ದಾಟುವಾಗಲೂ ಕಳಚಿಕೊಳ್ಳದೆ ಜೊತೆಗೇ ಬಂದದ್ದು. ನನ್ನ ಓದುಗಳಿಂದ ಅದು ಕಂಡಿತು. ಮನೆಯಲ್ಲಿ ಅಡುಗೆ ಮಾಡುವಾಗ ನೆಲದ ಮೇಲೆ ಹೆಜ್ಜೆಯನ್ನು ಸ್ವಲ್ಪ ಹಗುರವಾಗಿ ಇಡುತ್ತಿದ್ದೆ.

ಅವಳ ಮಾರ್ಗದರ್ಶಕರು ವಿಷಯವನ್ನು ನಾಲ್ಕು ಕಡೆ ಹೇಳಿಬಿಟ್ಟರು. ಪ್ರಬಂಧದ ಸಾರಾಂಶವನ್ನು ತಿಂಗಳೊಳಗೆ ಒಪ್ಪಿಸಬೇಕಿತ್ತು. ಅವಳ ಸ್ಕಾಲರ್‌ಶಿಪ್ ಇನ್ನು ಆರು ತಿಂಗಳಿಗೆ ಮುಗಿಯುತ್ತಿತ್ತು, ತಂದೆ ಮುಂದಿನ ವರ್ಷ ನಿವೃತ್ತರಾಗುವವರಿದ್ದರು. ನಾಲ್ಕು ವರ್ಷದ ದುಡಿಮೆ ಆ ಬೇರಿನ ಮೇಲೆ ನಿಂತಿತ್ತು.

ಆಗ ಅವಳು ಒಂದು ಸಣ್ಣ ಚೀಟಿ ಕೊಟ್ಟಳು. ‘ನಲವತ್ತೊಂದು ಭೂಕಂಪದಲ್ಲಿ ಒಂಬತ್ತು ಮಾತ್ರ ಹೇಳಿದ ಮಾತು ಕೇಳ್ತಾ ಇಲ್ಲ ಮೇಡಂ. ಸೊನ್ನೆಯಲ್ಲೇ ಕೂತಿದೆ. ನೀವು ಇನ್ನೊಂದ್ಸಲ ಓದಿದ್ರೆ ಸರಿಹೋಗುತ್ತೋ ಏನೋ.’

ಆ ಒಂಬತ್ತನ್ನೂ ಮತ್ತೆ ಓದಿದೆ. ಬದಲಾಗಲಿಲ್ಲ. ತಾರೀಕು, ಗಂಟೆಗಳನ್ನು ಬೇರೆ ಹಾಳೆಯಲ್ಲಿ ಸಾಲಾಗಿ ಬರೆದೆ. ಏನನ್ನೇ ಆಗಲಿ ಸಾಲಾಗಿ ಬರೆದು ನೋಡುವುದು ನನ್ನ ಅಭ್ಯಾಸ. ಒಂಬತ್ತರಲ್ಲಿ ಎಂಟು ನಡುರಾತ್ರಿಗೂ ಬೆಳಗಿನ ಐದಕ್ಕೂ ನಡುವೆ ಬಂದವು. ಉಳಿದ ಒಂದು ಪೊಂಗಲ್ ಹಬ್ಬದ ದಿನದ್ದು. ಹೇಮಾಳ ಬೇರು ಹಗಲು ಮಾತ್ರ ಇರುತ್ತಿತ್ತು. ರಾತ್ರಿ ಊರು ಮಲಗಿದ ಮೇಲೆ ಅದೂ ಇರುತ್ತಿರಲಿಲ್ಲ. ಹಬ್ಬಕ್ಕೆ ಅದಕ್ಕೂ ರಜೆ.

ತಪ್ಪು ನಮ್ಮ ಓದಿನಲ್ಲೇ ಇದೆ ಎಂದು ತಿಳಿಯಿತು. ಆದರೂ ಕಾರಣ ಹೊಳೆಯಲಿಲ್ಲ. ಮರುದಿನ ಎಂಟೂಕಾಲಕ್ಕೆ ಒಳಗೆ ಬರುವಾಗ ಕಣ್ಣಪ್ಪನ್ ಸ್ಟೂಲು ಹತ್ತಿ ಪಡಸಾಲೆಯ ಗೋಡೆ ಗಡಿಯಾರದ ಮುಳ್ಳು ಮುಂದಕ್ಕೆ ತಿರುಗಿಸುತ್ತಿದ್ದ. ಅದು ಕರೆಂಟಿನಿಂದ ನಡೆಯುವ ಗಡಿಯಾರ.

‘ಏನಪ್ಪಾ, ಕೆಟ್ಟಿದೆಯಾ?’

‘ಕೆಟ್ಟಿಲ್ಲಮ್ಮಾ. ಸೋಂಬೇರಿ. ದಿನಾ ಇಪ್ಪತ್ತು ಇಪ್ಪತ್ತೈದು ನಿಮಿಷ ಹಿಂದೆ ಬೀಳುತ್ತೆ. ಭಾನುವಾರ ಮಾತ್ರ ಸ್ವಲ್ಪ ಚುರುಕು, ಅದಕ್ಕೇ ಸೋಮವಾರ ತಿರುಗಿಸೋದು ಕಮ್ಮಿ.’

‘ಎಷ್ಟು ದಿನದಿಂದ?’

‘ಎಷ್ಟೋ ವರ್ಷ ಆಯ್ತಲ್ಲಮ್ಮಾ. ನೀವು ಬರೋದರೊಳಗೆ ಸರಿ ಮಾಡಿಡ್ತೀನಿ. ನಿಮಗೆ ಟೈಮು ಸರಿಯಾಗಿರಬೇಕಲ್ಲ.’

ನಾನು ಮೇಜಿಗೆ ಹೋಗಿ, ಡ್ರಾಯರಿನ ಮೂಲೆಯಿಂದ ಡಿವೈಡರ್ ತೆಗೆದು, ಹಿಂದಿನ ದಿನದ ಹಾಳೆಯ ಸಂಜೆ ಏಳು ಗಂಟೆಯ ನಿಮಿಷವೊಂದನ್ನು ಅಳೆದೆ. ಐವತ್ತೆಂಟು ಮಿಲಿಮೀಟರ್ ಚಿಲ್ಲರೆ. ಅರುವತ್ತಲ್ಲ. ನಿಮಿಷದ ಕೊನೆಗೆ ಬಂದ ಅಲೆಯನ್ನು ನನ್ನ ಪಟ್ಟಿ ಒಂದೂವರೆ ಸೆಕೆಂಡು ಬೇಗ ಬಂತೆಂದು ಓದುತ್ತಿತ್ತು, ಆರಂಭದಲ್ಲಿ ಬಂದದ್ದನ್ನು ಸರಿಯಾಗಿಯೇ ಓದುತ್ತಿತ್ತು. ಎಲ್ಲ ಸೇರಿಸಿ ಸರಾಸರಿ ತೆಗೆದರೆ ಮುಕ್ಕಾಲು ಸೆಕೆಂಡು.

ವರದರಾಜನ್ನರ ಕೋಣೆಗೆ ಹೋಗಿ ಹೇಳಿದೆ. ನಾವು ಮಾತಾಡಿದ್ದು ತಮಿಳಿನಲ್ಲಿ. ಅವರು ಕೆಟ್ಟವರಲ್ಲ. ಗಾಬರಿಯಾದರೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಅವತ್ತು ಬಹಳ ಹೊತ್ತು ಒರೆಸಿದರು.

‘ಆ ಹುಡುಗಿ ಕೇಳಿದಳಾ?’

‘ಇಲ್ಲ ಸಾರ್. ಅವಳಿಗೆ ಗೊತ್ತಿಲ್ಲ.’

‘ಹಾಗಾದ್ರೆ ಬಿಡಿ ಸರೋಜಮ್ಮಾ. ಒಂದು ಸೆಕೆಂಡು ಆಚೀಚೆ ಆದ್ರೆ ಯಾರು ಸಾಯ್ತಾರೆ?’

‘ಯಾರೂ ಸಾಯಲ್ಲ ಸಾರ್. ಇಲ್ಲದ ಬೇರೊಂದು ಹುಟ್ಟುತ್ತೆ. ಎಲ್ಲದರ ಮೇಲೂ ನನ್ನ ಸಹಿ ಇದೆ.’

‘ನನ್ನದೂ ಇದೆ. ಅದಕ್ಕೇ ಬಿಡಿ ಅಂದಿದ್ದು.’

ಇಷ್ಟರವರೆಗೆ ಬರೆದದ್ದರಲ್ಲಿ ನಾನು ನೆಟ್ಟಗಿನ ಹೆಂಗಸಾಗಿ ಕಾಣುತ್ತೇನೇನೋ. ಅಲ್ಲ. ವರದರಾಜನ್ನರ ಮಾತನ್ನು ನಾನು ಒಪ್ಪಲಿಲ್ಲ, ಆದರೆ ಒಂಬತ್ತು ದಿನ ಅದರ ಪ್ರಕಾರವೇ ನಡೆದೆ. ಎಂಟೂವರೆಗೆ ಕಾಗದ ಬದಲಿಸಿದೆ, ಗಡಿಯಾರ ತಾಳೆ ನೋಡಿದೆ, ಹೇಮಾ ಬಂದರೆ ಬಾಮ್ಮ ಎಂದೆ. ಎಂಟನೇ ದಿನ ಅವಳು ಮೈಸೂರುಪಾಕಿನ ಪೊಟ್ಟಣ ತಂದಳು, ಮಾರ್ಗದರ್ಶಕರು ಸಾರಾಂಶ ಒಪ್ಪಿದ್ದಾರೆ ಎಂದು. ನಾನು ಒಂದು ತುಂಡು ತಿಂದೆ. ಅದು ಗಂಟಲಲ್ಲಿ ಇಳಿಯುವಾಗ, ಇನ್ನು ಒಂದು ದಿನ ತಡೆದರೆ ಎಂದೆಂದಿಗೂ ಹೇಳಲಾರೆ ಎನ್ನಿಸಿತು.

ಮರುದಿನ ಅವಳನ್ನು ಕರೆಸಿ, ಎರಡು ಹಾಳೆ ಹಾಸಿ, ಡಿವೈಡರನ್ನು ಅವಳ ಕೈಗೆ ಕೊಟ್ಟೆ. ‘ಸಂಜೆ ಏಳರ ನಿಮಿಷ ಅಳೆ. ಆಮೇಲೆ ಬೆಳಗಿನ ಮೂರರದ್ದು.’

ಅಳೆದಳು. ತಪ್ಪಾಯಿತೆಂದುಕೊಂಡು ಇನ್ನೊಮ್ಮೆ ಅಳೆದಳು. ನಂತರ ನನ್ನ ಹಿತ್ತಾಳೆ ಪಟ್ಟಿಯನ್ನು ತಾನೇ ತೆಗೆದು ನಿಮಿಷದ ಮೇಲಿಟ್ಟಳು. ಅದರ ಬಲ ತುದಿ ಗುರುತನ್ನು ದಾಟಿ ನಿಂತಿತು.

‘ಈ ಸಾಲು ಮೂರು ವರ್ಷದಿಂದ ಹೀಗೆ ವಾಲಿದೆಯಾ ಮೇಡಂ?’

‘ಹೌದು.’

‘ನಿಮ್ಮ ಕಣ್ಣಿಗೆ ಬೀಳಲಿಲ್ಲವಾ?’

‘ಬಿದ್ದಿತ್ತು.’

‘ಅಪ್ಪುರಂ? ನೋಡಿ ಏನು ಮಾಡಿದ್ರಿ?’

‘ಚೆನ್ನಾಗಿದೆ ಅಂದುಕೊಂಡೆ. ಗಾಳಿಗೆ ಬಾಗಿದ ಪೈರಿನ ಹಾಗೆ ಕಾಣ್ತಿತ್ತು.’

ಅದು ನಿಜ.

‘ಗೊತ್ತಾಗಿ ಎಷ್ಟು ದಿನ ಆಯ್ತು?’

‘ಒಂಬತ್ತು ದಿನ.’

ಅವಳು ನನ್ನನ್ನೇ ನೋಡಿದಳು. ‘ನಿನ್ನೆ ಸ್ವೀಟ್ ತಿಂದ್ರಲ್ಲ ಮೇಡಂ’ ಎಂದಳು. ಬ್ಯಾಗು ತೆಗೆದುಕೊಂಡು ಹೋದಳು. ಅದರ ಬಾಯಿ ಮುಚ್ಚಿರಲಿಲ್ಲ, ಮೆಟ್ಟಿಲ ಮೇಲೆ ಒಂದು ಪೆನ್ನು ಬಿದ್ದು ಉರುಳಿತು. ಅವಳು ಹಿಂತಿರುಗಿ ನೋಡಲಿಲ್ಲ.

ಹನ್ನೆರಡು ದಿನ ಬರಲಿಲ್ಲ. ಅಷ್ಟರಲ್ಲಿ ನಾನು ಕಪಾಟಿನಿಂದ ಮೂರು ವರ್ಷದ ಹಾಳೆಗಳನ್ನು ಇಳಿಸಿ, ಕಚೇರಿ ಮುಗಿದ ಮೇಲೆ ನಾಲ್ಕೂವರೆಯಿಂದ ಏಳರವರೆಗೆ ಕೂತು, ಮೊದಲ ಹಾಳೆಯಿಂದ ಮತ್ತೆ ಓದತೊಡಗಿದೆ. ನಿಮಿಷ ಅಳೆ, ಅಲೆ ಅಳೆ, ಭಾಗಿಸು. ಅವಳು ಬಂದರೂ ಬರದಿದ್ದರೂ ಆ ಹಾಳೆಗಳು ನನ್ನ ಲೆಕ್ಕದಲ್ಲಿ ಬಾಕಿ ಇದ್ದವು. ಹದಿಮೂರನೇ ದಿನ ಬಾಗಿಲಲ್ಲಿ ನೆರಳು ಬಿತ್ತು.

‘ಎಲ್ಲೀವರೆಗೂ ಬಂದಿದೀರಿ?’

‘ಮೊದಲನೇ ವರ್ಷದ ಮಾರ್ಚಿ.’

‘ಒಬ್ಬರೇ ಓದಿದ್ದು ಲೆಕ್ಕಕ್ಕಿಲ್ಲ. ನೀವೇ ಹೇಳಿದ್ರಲ್ಲ, ಇಬ್ಬರು ಓದಬೇಕು ಅಂತ.’ ಬ್ಯಾಗು ಕೆಳಗಿಟ್ಟು ಕೇಳಿದಳು, ‘ಇನ್ನೊಂದು ಡಿವೈಡರ್ ಇದೆಯಾ?’

ಸ್ಕಾಲರ್‌ಶಿಪ್ ಮುಗಿಯುತ್ತ ಬಂದಿತ್ತು. ಅವಳು ಬೆಳಿಗ್ಗೆ ಪ್ಲಸ್ ಟೂ ಮಕ್ಕಳಿಗೆ ಫಿಸಿಕ್ಸ್ ಪಾಠ ಹೇಳಿ ಸಂಜೆ ಬರುತ್ತಿದ್ದಳು. ಒಂದೇ ಹಾಳೆಯನ್ನು ಇಬ್ಬರೂ ಬೇರೆ ಬೇರೆ ಓದಿ, ಒಬ್ಬರದನ್ನೊಬ್ಬರು ನೋಡದೆ ಬರೆದು, ಆಮೇಲೆ ಹೋಲಿಸಬೇಕು, ವ್ಯತ್ಯಾಸ ಬಂದರೆ ಮೂರನೇ ಸಲ ಓದಬೇಕು ಎಂಬುದು ನಿಯಮ. ಮೊದಲ ಕೆಲವು ವಾರ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಒಂದು ಸಂಜೆ ಅವಳು ಓದುವುದನ್ನು ನಿಲ್ಲಿಸಿ ಡ್ರಮ್ಮಿನ ಕಡೆ ನೋಡುತ್ತ ಕೂತಳು. ಹೊರಗೆ ದೀಪ ಹತ್ತುವ ಹೊತ್ತು. ಹೊಸ ಗುರುತುಗಳು ಹಳೆಯವುಗಳ ಎಡಕ್ಕೆ ಸರಿಯುತ್ತಿದ್ದವು.

‘ಮೇಡಂ, ಅಂಬತ್ತೂರಲ್ಲಿ ಮೆಷಿನ್ ಓಡ್ತಿದೆ, ಮಣಲಿಯಲ್ಲಿ ಪಂಪ್ ಓಡ್ತಿದೆ, ನಿಮ್ಮ ಬೀದಿಯಲ್ಲಿ ಅಂಗಡಿ ಲೈಟ್ ಹಾಕ್ತಿದಾರೆ, ಎಲ್ಲರ ಮನೆಯಲ್ಲೂ ಟೀವಿ. ಎಲ್ಲಾ ಸೇರಿ ಇದನ್ನ ಎಳೀತಿದಾರೆ.’

‘ಹೌದಮ್ಮ.’

‘ನನ್ನ ಬೇರು ಇದೇ ಅಲ್ವಾ?’

ಇಬ್ಬರೂ ನಕ್ಕೆವು. ತಿಂಗಳಾಗಿತ್ತು ನಕ್ಕು. ಆಮೇಲೆ ಡ್ರಮ್ಮನ್ನೇ ನೋಡುತ್ತ ಕೂತೆವು. ಒಂದೇ ಹಾಳೆಯ ಮೇಲೆ ಎರಡು ಬರಹವಿತ್ತು. ಗೆರೆಯ ನಡುಕದಲ್ಲಿ ಭೂಮಿಯ ಒಳಗಿನದು, ಗುರುತುಗಳ ಓರೆಯಲ್ಲಿ ಇಷ್ಟು ಲಕ್ಷ ಜನರ ಸಂಜೆಯದು. ಮೂರು ವರ್ಷ ನಾನು ಒಂದನ್ನು ಓದುತ್ತಿದ್ದೇನೆಂದು ತಿಳಿದು ಎರಡನ್ನೂ ಬೆರೆಸಿದ್ದೆ.

ಬೇಸಿಗೆ ಕಳೆಯುವ ಹೊತ್ತಿಗೆ ಓದು ಮುಗಿಯಿತು. ಅವಳು ನಲವತ್ತೊಂದು ಚುಕ್ಕೆಗಳನ್ನು ಹೊಸದಾಗಿ ಇಟ್ಟಳು. ಎಲ್ಲವೂ ಸೊನ್ನೆಯ ಆಚೀಚೆ, ಹತ್ತಿರ ಹತ್ತಿರ ಕೂತವು. ಹಟಮಾರಿ ಒಂಬತ್ತು ಅವುಗಳ ನಡುವೆ ಎಲ್ಲಿವೆಯೆಂದು ಹುಡುಕಬೇಕಾಯಿತು.

‘ಬೇರಿಲ್ಲ ಮೇಡಂ.’

‘ಇಲ್ಲ.’

‘ಬೇರಿಲ್ಲದೆ ಹಗುರ ಆಗಿದ್ದಕ್ಕೇ ಇಷ್ಟು ದೂರ ಓಡಿ ಬಂತೋ ಏನೋ.’

‘ಒಂದು ಸ್ಟೇಷನ್ನಿನ ಓದಿನಿಂದ ಅಷ್ಟೆಲ್ಲ ಹೇಳಬಾರದು.’

‘ಹೇಳಲ್ಲ ಮೇಡಂ. ಸುಮ್ಮಾ ಅನ್ಕೋತೀನಿ.’

ಅವಳ ಮಾರ್ಗದರ್ಶಕರು ಎರಡು ತಿಂಗಳು ಮುನಿಸಿಕೊಂಡಿದ್ದು, ಆಮೇಲೆ ಇನ್ನೂ ಮೂರು ಕೇಂದ್ರಗಳ ಹಾಳೆಗಳನ್ನು ಇದೇ ಕ್ರಮದಲ್ಲಿ ಓದಿ ಸೇರಿಸು ಎಂದರು. ಅದಕ್ಕೆ ಇನ್ನೆರಡು ವರ್ಷ ಹಿಡಿಯಿತು.

ನಾನು ತಿದ್ದುಪಡಿಯ ಪ್ರಕಟಣೆ ಬರೆದೆ. ‘ತಾಂತ್ರಿಕ ಕಾರಣಗಳಿಂದ’ ಎಂದು ಹಾಕಿ ಎಂದರು ವರದರಾಜನ್. ‘ಓದಿದವರ ತಪ್ಪಿನಿಂದ’ ಎಂದು ಬರೆದು ಕೆಳಗೆ ಹೆಸರು ಹಾಕಿದೆ. ಅವರು ಕಡತವನ್ನು ನಾಲ್ಕು ದಿನ ಮೇಜಿನ ಮೇಲಿಟ್ಟುಕೊಂಡು, ಐದನೇ ದಿನ ಕನ್ನಡಕ ಒರೆಸಿ, ನನ್ನ ಹೆಸರಿನ ಪಕ್ಕ ತಮ್ಮದನ್ನೂ ಬರೆದು ಕಳಿಸಿದರು. ಅದಕ್ಕಾಗಿ ಅವರನ್ನು ಇಂದಿಗೂ ಗೌರವಿಸುತ್ತೇನೆ. ಮೂರು ವರ್ಷ ಬಾರದ ಪೆಟ್ಟಿಗೆ ಮೂರು ವಾರದಲ್ಲಿ ಬಂತು.

ಅದಾದ ಮೇಲೆ ಬಹಳ ದಿನ ಡ್ರಮ್ಮು ಉಳಿಯಲಿಲ್ಲ. ಉಪಗ್ರಹದಿಂದ ಸಮಯ ಪಡೆಯುವ ಯಂತ್ರ ಬಂತು, ಅಲೆಯ ಆರಂಭವನ್ನು ಕಂಪ್ಯೂಟರೇ ಗುರುತಿಸತೊಡಗಿತು. ನಾನು ಅದನ್ನೂ ಕಲಿತೆ; ಹಳೆಯದೇ ಚೆನ್ನ ಎಂದು ಕೊರಗುವವಳಲ್ಲ. ಹೊಸಬರಿಗೆ ಹೇಳುವುದು ಇಷ್ಟು. ನಿಮ್ಮ ಯಂತ್ರ ನಮ್ಮದಕ್ಕಿಂತ ಸಾವಿರ ಪಾಲು ನಿಖರ, ಆದರೆ ಅದಕ್ಕೂ ಯಾರೋ ಒಬ್ಬರು ಒಂದು ಅಳತೆಪಟ್ಟಿ ಮಾಡಿಸಿಟ್ಟಿರುತ್ತಾರೆ. ದಿನವೂ ಒಂದೇ ಹೊತ್ತಿಗೆ ಒಂದೇ ಬದಿಯಿಂದ ನೋಡುವುದು ಶಿಸ್ತು ಹೌದು. ವಾರಕ್ಕೊಮ್ಮೆ ಬೇರೆ ಹೊತ್ತಿಗೆ ಇನ್ನೊಂದು ಬದಿಯಿಂದ ನೋಡುವುದನ್ನೂ ಅದೇ ಶಿಸ್ತಿಗೆ ಸೇರಿಸಿಕೊಳ್ಳಿ.

ಹೇಮಾಳ ಮೌಖಿಕ ಪರೀಕ್ಷೆ ವಿಶ್ವವಿದ್ಯಾಲಯದ ಒಂದು ಸಣ್ಣ ಸಭಾಂಗಣದಲ್ಲಿ, ಎಲ್ಲರಿಗೂ ಪ್ರವೇಶವಿತ್ತು. ನಾನು ಹಿಂದಿನ ಸಾಲಿನಲ್ಲಿ ಅವಳ ತಂದೆಯ ಪಕ್ಕ ಕೂತೆ. ನಿವೃತ್ತರಾಗಿದ್ದ ಅವರು ಕೈಯಲ್ಲಿದ್ದ ಕರವಸ್ತ್ರವನ್ನು ಮಡಚಿ ಬಿಚ್ಚಿ ಮಾಡುತ್ತಿದ್ದರು. ‘ಪಾಸಾಗ್ತಾಳಾ ಅಮ್ಮಾ?’ ಎಂದು ನನ್ನನ್ನು ಎರಡು ಸಲ ಕೇಳಿದರು. ಗೊತ್ತಿಲ್ಲ ಎಂದೆ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಕಟ್ಟುನಿಟ್ಟಿನವರೆಂದು ಹೆಸರು. ಅರ್ಧ ಗಂಟೆ ಸುಮ್ಮನೆ ಕೇಳಿ, ಪ್ರಬಂಧದ ಒಂದು ಪುಟಕ್ಕೆ ಬೆರಳಿಟ್ಟು ತಲೆಯೆತ್ತಿದರು.

‘ಈ ಕೇಂದ್ರದ ಓದುಗಳು ಮೂರು ವರ್ಷ ತಪ್ಪಾಗಿದ್ದವು ಅಂತ ನೀವೇ ಬರೆದಿದ್ದೀರಿ. ಅದೇ ಕೈಗಳು ಮತ್ತೆ ಓದಿವೆ. ಈಗ ಸರಿಯಾಗಿವೆ ಅಂತ ನಾನು ಯಾಕೆ ನಂಬಬೇಕು?’

ಪಕ್ಕದಲ್ಲಿ ಕರವಸ್ತ್ರದ ಚಲನೆ ನಿಂತಿತು. ಹೇಮಾ ನೀರು ಕುಡಿದಳು.

‘ಸಾರ್, ಆ ತಪ್ಪನ್ನ ನಾನು ಹುಡುಕಲಿಲ್ಲ. ನನ್ನ ಗೈಡೂ ಹುಡುಕಲಿಲ್ಲ. ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ನನಗೆ ಎರಡು ವರ್ಷ ಮುಂಚೆನೇ ಡಿಗ್ರಿ ಸಿಗ್ತಿತ್ತು. ತಪ್ಪು ಮಾಡಿದವರೇ ಹುಡುಕಿದರು. ಹುಡುಕಿ ನನಗೆ ಹೇಳಿದರು.’ ಅವಳು ಕೈಯೆತ್ತಿ ಹಿಂದಿನ ಸಾಲು ತೋರಿಸಿದಳು. ‘ಅಲ್ಲಿ ಕೂತಿದಾರೆ.’

ಸಭೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಾಗೆ ಕೈ ತೋರಿಸಿದಾಗ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಎದ್ದು ನಿಂತೆ.

ಪರೀಕ್ಷಕರು ಕನ್ನಡಕದ ಮೇಲಿನಿಂದ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಬೆರಳಿಟ್ಟಿದ್ದ ಪುಟವನ್ನು ಮಗುಚಿ, ಹೇಮಾಳ ಕಡೆ ತಿರುಗಿ, ‘ಸರಿ, ಮುಂದಿನ ಅಧ್ಯಾಯ’ ಎಂದರು.